ನರಭಕ್ಷಕ ಹುಲಿ ಮತ್ತು ಕಾರಾಪುರದ ಹುಡುಗ

ಪ್ರಶ್ನೆ: ನರಭಕ್ಷಕ ಹುಲಿಯ ಬೇಟೆಯ ಹಾಲಿವುಡ್ ಚಿತ್ರವೊಂದರಲ್ಲಿ ನಮ್ಮ ಮೈಸೂರಿನ ಹುಡುಗ ನಟಿಸಿದ್ದನಂತೆ, ನಿಜವೇ?
– ಓದುಗರೊಬ್ಬರು, ಕುಂಬಾರಕೊಪ್ಪಲು, ಮೈಸೂರು

ಉತ್ತರ: ನಿಜ. ಆತ ಸಾಬು. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಕಬಿನಿ ದಡದ ಆ ಊರಿನ ಸುತ್ತಲೇ ಕಾಡಾನೆಗಳನ್ನು ಹಿಡಿಯುವ ಕಾಕನಕೋಟೆಯ ಖೆಡ್ಡಾ ನಡೆಯುತ್ತಿತ್ತು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ, ಆನೆಯ ಜೊತೆ ಸಲೀಸಾಗಿದ್ದ ಈ ಹುಡುಗನೇ 'ಎಲಿಫೆಂಟ್ ಬಾಯ್' (1937) ಚಿತ್ರದ ನಾಯಕನಾದ.

ನೀವು ಕೇಳಿದ್ದು 1948ರ 'ಮ್ಯಾನ್-ಈಟರ್ ಆಫ್ ಕುಮಾವೊನ್'. ಬೈರನ್ ಹಾಸ್ಕಿನ್ ನಿರ್ದೇಶನ. ಜೊತೆಗೆ ವೆಂಡೆಲ್ ಕೋರಿ. ಹೆಸರು ನರಭಕ್ಷಕಗಳ ಬೇಟೆಗಾರ ಜಿಮ್ ಕಾರ್ಬೆಟ್ಟರ 1944ರ ಪುಸ್ತಕದ್ದು, ಕಥೆ ಮಾತ್ರ ಹಾಲಿವುಡ್ಡಿನದು! ಬೇಟೆಗಾರ ವೈದ್ಯನೊಬ್ಬ ಗಾಯಗೊಳಿಸಿ ಬಿಟ್ಟ ಹುಲಿ ಮನುಷ್ಯರ ಮೇಲೆ ತಿರುಗಿಬೀಳುತ್ತದೆ. ಚಿತ್ರದಲ್ಲಿ ಚೆನ್ನಾಗಿ ನಟಿಸಿದ್ದು ಹುಲಿಯೇ ಎಂದು ಕಾರ್ಬೆಟ್ ಚುಚ್ಚಿದರೆಂಬ ಮಾತು ಪ್ರಸಿದ್ಧ.

ಆದರೂ ಒಂದು ಅಂಶ ಕಾರ್ಬೆಟ್ಟರ ಅನುಭವಕ್ಕೆ ಹತ್ತಿರವಿದೆ. ಗುಂಡೇಟಿನ ಗಾಯ, ಮುಳ್ಳುಹಂದಿಯ ಮುಳ್ಳು, ಮುರಿದ ಕೋರೆಹಲ್ಲು – ಸಹಜ ಬೇಟೆ ಕೈಗೂಡದಂತೆ ಮಾಡುವ ಇಂಥವೇ ಹುಲಿಯನ್ನು ನರಭಕ್ಷಕವಾಗಿಸುತ್ತವೆ ಎಂದು ಅವರು ಬರೆದಿದ್ದರು. 1907ರಲ್ಲಿ ಅವರು ಕೊಂದ, 436 ಜನರನ್ನು ಬಲಿ ಪಡೆದಿತ್ತೆನ್ನಲಾದ ಚಂಪಾವತದ ಹೆಣ್ಣುಹುಲಿಯ ಕೋರೆಹಲ್ಲುಗಳು ಗುಂಡೇಟಿನಿಂದ ಮುರಿದಿದ್ದವು.

ಸಾಬು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಹಿಂಬದಿ ಗನ್ನರ್ ಆಗಿಯೂ ದುಡಿದ. 1963ರಲ್ಲಿ, ಬರೀ 39ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡ.