ಇಮ್ಮಡಿಯಾಗಲು ಎಷ್ಟು ವರ್ಷ?

ಮೂಡಲಗಿ, ಗೋಕಾಕ, ಹುಕ್ಕೇರಿಗಳನ್ನೊಳಗೊಂಡ ಬೆಳಗಾವಿ ಜಿಲ್ಲೆಯಲ್ಲಿ 2001ರ ಜನಗಣತಿಯ ಪ್ರಕಾರ 42,14,505 ಜನರಿದ್ದರು. 2011ರ ಗಣತಿಯ ವೇಳೆಗೆ ಆ ಸಂಖ್ಯೆಯು 47,79,661ಕ್ಕೆ ಏರಿತು. ಎಂದರೆ ಹತ್ತು ವರ್ಷಗಳಲ್ಲಿ ನೂರಕ್ಕೆ 13.4ರಷ್ಟು ವೃದ್ಧಿ. ಇದೇ ಪ್ರಮಾಣವು ಮುಂದುವರಿದುದಾದರೆ ಜನಸಂಖ್ಯೆಯು ಇಮ್ಮಡಿಯಾಗಲು ಎಷ್ಟು ಕಾಲ ಹಿಡಿದೀತು?

ನೂರನ್ನು 13.4ರಿಂದ ಭಾಗಿಸಿ, 'ಸುಮಾರು 75 ವರ್ಷ' ಎಂದು ಉತ್ತರಿಸುವವರು ಬಹಳ. ಆದರೆ ಜನಸಂಖ್ಯೆಯು ಸರಳಬಡ್ಡಿಯಂತೆ ಬೆಳೆಯುವುದಿಲ್ಲ. ಹುಟ್ಟಿದ ಮಕ್ಕಳು ಬೆಳೆದು ಅವರಿಗೂ ಮಕ್ಕಳಾಗುವುದರಿಂದ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ದಶಕಕ್ಕೊಮ್ಮೆ ಹಿಂದಿನ ಸಂಖ್ಯೆಯನ್ನು 1.134ರಿಂದ ಗುಣಿಸುತ್ತ ಹೋಗಬೇಕು. ಬೇಕಾದ ದಶಕಗಳ ಸಂಖ್ಯೆಯನ್ನು 'ದ' ಎನ್ನೋಣ. ಆಗ 1.134ರ ದ-ನೆಯ ಘಾತವು 2ಕ್ಕೆ ಸಮನಾಗಬೇಕು. ಐದನೆಯ ಘಾತವು ಸುಮಾರು 1.88, ಆರನೆಯದು ಸುಮಾರು 2.13. ಉತ್ತರವು ಇವೆರಡರ ನಡುವೆ ಅಡಗಿದೆ. ಅಜ್ಞಾತ ರಾಶಿಯು ಘಾತಾಂಕದ ಸ್ಥಾನದಲ್ಲಿ ಕುಳಿತಿರುವಾಗ ಅದನ್ನು ಕೆಳಗಿಳಿಸುವುದು ಹೇಗೆ?

ಸ್ಕಾಟ್ಲೆಂಡಿನ ಜಾನ್ ನೇಪಿಯರನು 1614ರಲ್ಲಿ ಪ್ರಕಟಿಸಿದ ಲಘುಗಣಕವೇ ಇದಕ್ಕೆ ಸಾಧನ. 1617ರಲ್ಲಿ ಹೆನ್ರಿ ಬ್ರಿಗ್ಸನು 10ನ್ನು ಆಧಾರವಾಗಿರಿಸಿಕೊಂಡು ಕೋಷ್ಟಕವನ್ನು ಹೊರತಂದನು. 10ನ್ನು ಎಷ್ಟನೆಯ ಘಾತಕ್ಕೆ ಏರಿಸಿದರೆ ಒಂದು ಸಂಖ್ಯೆಯು ದೊರೆಯುವುದೋ ಆ ಘಾತಾಂಕವೇ ಅದರ ಲಘುಗಣಕ. ಹೀಗಾಗಿ 100ರ ಲಘುಗಣಕ 2. ಕೋಷ್ಟಕದಲ್ಲಿ 1.134ಕ್ಕೆ 0.0546 ಎಂದೂ 2ಕ್ಕೆ 0.3010 ಎಂದೂ ಇದೆ. ಘಾತದ ಲಘುಗಣಕವು ಘಾತಾಂಕ ಮತ್ತು ಮೂಲಸಂಖ್ಯೆಯ ಲಘುಗಣಕ ಇವುಗಳ ಗುಣಲಬ್ಧವಾದುದರಿಂದ,

ದ × 0.0546 = 0.3010

ಭಾಗಿಸಿದರೆ ದ = 5.5, ಎಂದರೆ ಸುಮಾರು 55 ವರ್ಷ. ಇಲ್ಲಿ ಲಘುಗಣಕಗಳನ್ನು ಒಂದರಿಂದೊಂದು ಕಳೆಯುವ ವಿದ್ಯಾರ್ಥಿಗಳುಂಟು. ಕಳೆಯಬೇಕಾದುದು ಸಂಖ್ಯೆಗಳನ್ನು ಭಾಗಿಸುವಾಗ. ಇಲ್ಲಿ ಲಘುಗಣಕಗಳನ್ನೇ ಭಾಗಿಸಬೇಕು.

75ಕ್ಕೂ 55ಕ್ಕೂ ನಡುವಣ ಇಪ್ಪತ್ತು ವರ್ಷಗಳು ಬರಿಯ ಅಂಕೆಗಳಲ್ಲ. ಘಟಪ್ರಭೆಗೆ ಅಡ್ಡಲಾಗಿರುವ ಹಿಡಕಲ್ ಜಲಾಶಯದ ಸಾಮರ್ಥ್ಯವು ಸುಮಾರು 51 ಟಿ.ಎಂ.ಸಿ. ಜನರು ಇಮ್ಮಡಿಯಾದರೆಂದು ಅದು ಇಮ್ಮಡಿಯಾಗದು. ಒಬ್ಬೊಬ್ಬರ ಪಾಲಿನ ನೀರು ಅರ್ಧಕ್ಕಿಳಿಯುತ್ತದೆ. ಶಾಲೆ, ಆಸ್ಪತ್ರೆ, ನಾಲೆಗಳನ್ನು ಯೋಜಿಸುವವರು ಸರಳ ಭಾಗಾಕಾರವನ್ನು ನಂಬಿದರೆ ಇಪ್ಪತ್ತು ವರ್ಷ ತಡವಾಗಿ ಎಚ್ಚರಗೊಳ್ಳುವರು.

ಹಾಗೆಂದು 2011ಕ್ಕೆ 55 ಕೂಡಿಸಿ ಬರುವ 2066 ಭವಿಷ್ಯವಾಣಿಯಲ್ಲ. ವೃದ್ಧಿಯ ಪ್ರಮಾಣವು ಬದಲಾಗುತ್ತದೆ. ಇಡೀ ಕರ್ನಾಟಕದಲ್ಲಿ 1991ರಿಂದ 2001ರವರೆಗೆ ನೂರಕ್ಕೆ 17.5ರಷ್ಟಿದ್ದ ವೃದ್ಧಿಯು ಮುಂದಿನ ದಶಕದಲ್ಲಿ 15.6ಕ್ಕೆ ಇಳಿಯಿತು. ಗುಣಕವು ಕುಗ್ಗಿದಂತೆ ಅದರ ಲಘುಗಣಕವೂ ಕುಗ್ಗಿ, ಇಮ್ಮಡಿಯಾಗುವ ಕಾಲವು ಹಿಗ್ಗುತ್ತದೆ. ಎಷ್ಟು ಹಿಗ್ಗುವುದೆಂಬುದನ್ನು ಓದುಗರು ಈ ಎರಡು ಅಂಕೆಗಳಿಂದ ತಾವೇ ಲೆಕ್ಕಹಾಕಿ ನೋಡಬಹುದು.