ಟ್ರಕ್ವೇರ್ ಮನೆಯ ಕಪ್ಪು ಬಿಯರ್

ಎಡಿನ್‌ಬರೊದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಟ್ವೀಡ್ ನದಿಯ ಸೀಮೆಯಲ್ಲಿ ಇನ್ನರ್‌ಲೀಥನ್ ಎಂಬ ಪುಟ್ಟ ಊರು ಸಿಗುತ್ತದೆ. ಊರಾಚೆ, ಮರಗಳ ನಡುವೆ ನಿಂತಿರುವುದು ಟ್ರಕ್ವೇರ್ ಮನೆ. ಸ್ಕಾಟ್ಲೆಂಡಿನಲ್ಲಿ ಜನವಾಸ ತಪ್ಪದೆ ನಡೆದುಬಂದ ಮನೆಗಳಲ್ಲಿ ಇದೇ ಅತ್ಯಂತ ಹಳೆಯದೆಂಬ ಹೆಸರಿದೆ. ಒಂದು ಕಾಲಕ್ಕೆ ದೊರೆಗಳ ಬೇಟೆಮನೆಯಾಗಿದ್ದದ್ದು, 1491ರಿಂದ ಸ್ಟುವರ್ಟ್ ಮನೆತನದ್ದಾಯಿತು. 1566ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ ತನ್ನ ಎಳೆಗೂಸಿನೊಡನೆ ಬಂದು ಇಲ್ಲಿ ತಂಗಿದ್ದಳು.

ಈ ಮನೆಯ ಪ್ರಾರ್ಥನಾ ಮಂದಿರದ ಕೆಳಗೊಂದು ಕೋಣೆ. ತಲೆಮಾರುಗಳ ಹಳೆ ಸಾಮಾನು ತುಂಬಿಕೊಂಡಿದ್ದ ಅದನ್ನು ಅಂದಿನ ಯಜಮಾನ ಪೀಟರ್ ಮ್ಯಾಕ್ಸ್‌ವೆಲ್ ಸ್ಟುವರ್ಟ್ ಖಾಲಿ ಮಾಡಿಸಿದಾಗ, ಮನೆಯವರಿಗಾಗಿ ಬಿಯರ್ ಕಾಯಿಸುತ್ತಿದ್ದ 18ನೇ ಶತಮಾನದ ತಾಮ್ರದ ಹಂಡೆ, ಮರದ ತೊಟ್ಟಿಗಳು ಇದ್ದಲ್ಲೇ ಇದ್ದವು. ಅವನ್ನು ವಸ್ತುಸಂಗ್ರಹಾಲಯಕ್ಕೆ ಕೊಡಬಹುದಿತ್ತು. ಅವರು ತೊಳೆದು, ಒಲೆ ಹೊತ್ತಿಸಿದರು. 1965ರಲ್ಲಿ ಟ್ರಕ್ವೇರ್ ಹೌಸ್ ಏಲ್ ಮತ್ತೆ ಹುಟ್ಟಿತು. ಇಂದಿಗೂ ಅದು ಹುದುಗುವುದು ಓಕ್ ಮರದ ತೊಟ್ಟಿಗಳಲ್ಲೇ.

ಕಪ್ಪಿಗೆ ತಿರುಗಿದ ಕೆಂಪು ಬಣ್ಣ, ಶೇ 7.2ರಷ್ಟು ಮದ್ಯಾಂಶ. ಮೂಗಿನ ಹತ್ತಿರ ಹಿಡಿದರೆ ಆಲೆಮನೆಯಲ್ಲಿ ಬೆಲ್ಲ ಪಾಕಕ್ಕೆ ಬರುವಾಗಿನ ಕಂಪು. ನಾಲಿಗೆಗೆ ಮೊದಲು ಮಾಲ್ಟಿನ ಸಿಹಿ, ಕೊನೆಗೆ ಒಣ ಕಹಿ. ಇದನ್ನು ಮಂಜುಗಡ್ಡೆಯಂತೆ ತಣ್ಣಗೆ ಮಾಡಿದರೆ ರುಚಿಯೆಲ್ಲ ಸತ್ತುಹೋಗುತ್ತದೆ. ಸಣ್ಣ ಗ್ಲಾಸು, ನಿಧಾನದ ಗುಟುಕು, ಒಂದಿಷ್ಟು ಗಟ್ಟಿ ಚೀಸ್ ಇದ್ದರೆ ಸಾಕು.

ಇವರದೇ ಇನ್ನೊಂದು, ಜಾಕೊಬೈಟ್ ಏಲ್. ಅದಕ್ಕೆ ಕೊತ್ತಂಬರಿ ಬೀಜ ಹಾಕುತ್ತಾರೆ. 1745ರಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಕಳೆದುಹೋದ ಸಿಂಹಾಸನಕ್ಕಾಗಿ ಎದ್ದ ಜಾಕೊಬೈಟ್ ದಂಗೆಯ 250ನೇ ವರ್ಷದ ನೆನಪಿಗೆ, 1995ರಲ್ಲಿ ಬಂದ ಬಿಯರ್ ಇದು. ಮನೆಯ ಮುಂದಿನ ಉದ್ದನೆಯ ಹಾದಿಯ ತುದಿಗೆ ಕಲ್ಲಿನ ಕರಡಿಗಳನ್ನು ಹೊತ್ತ ಹೆಬ್ಬಾಗಿಲಿದೆ. ರಾಜಕುಮಾರ ಅದರಿಂದ ಹೊರಟ ಮೇಲೆ, ಸ್ಟುವರ್ಟರೊಬ್ಬರು ಮತ್ತೆ ಪಟ್ಟಕ್ಕೇರುವವರೆಗೆ ತೆರೆಯುವುದಿಲ್ಲವೆಂದು ಮನೆಯೊಡೆಯ ಮಾತು ಕೊಟ್ಟನಂತೆ. ಮರುವರ್ಷವೇ ಕಲಾಡನ್ ಕಾಳಗದಲ್ಲಿ ಎಲ್ಲವೂ ಮುಗಿಯಿತು. ಬಾಗಿಲು ಈಗಲೂ ಮುಚ್ಚಿದೆ.

ಹೀಗೆಂದು ವಂಶ ನೇರವಾಗಿ ಹರಿದುಬಂದಿದೆ ಎಂದುಕೊಳ್ಳಬೇಡಿ. 1861ರಲ್ಲಿ ಎಂಟನೆಯ ಅರ್ಲ್ ಮದುವೆಯಾಗದೆ ತೀರಿಕೊಂಡಾಗ ಬಿರುದೇ ಅಳಿಯಿತು. ಅಕ್ಕ ಲೇಡಿ ಲೂಯಿಸಾ ನೂರರ ಹೊಸ್ತಿಲವರೆಗೆ ಮನೆ ಕಾಯ್ದುಕೊಂಡು 1875ರಲ್ಲಿ ಹೋದಳು. ಆಮೇಲೆ ಆಸ್ತಿ ಬಂಧುವೊಬ್ಬನಿಗೆ ಸೇರಿತು. ಅವನ ಮನೆತನ ಸ್ಟುವರ್ಟ್ ಹೆಸರನ್ನೂ ಜೊತೆಗಿಟ್ಟುಕೊಂಡಿತು. ಇಂದು ಮನೆಯನ್ನೂ ಬ್ರೂವರಿಯನ್ನೂ ನಡೆಸುವವರು ಪೀಟರ್ ಅವರ ಮಗಳು ಕ್ಯಾಥರೀನ್. ಮನೆತನ ಉಳಿದದ್ದು ಪ್ರತಿ ಸಂಕಟದಲ್ಲೂ ಯಾರೋ ಒಬ್ಬರು ಅಲ್ಲಿ ಬಾಳಲು, ದುಡಿಯಲು ಮನಸ್ಸು ಮಾಡಿದ್ದರಿಂದ ಎಂಬುದೇ ನನ್ನ ಗಟ್ಟಿ ನಂಬಿಕೆ.

ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಂದ ತಮ್ಮ ವಂಶದ ಬೇರು ಹುಡುಕಿಕೊಂಡು ಸ್ಕಾಟ್ಲೆಂಡಿಗೆ ಬರುವವರು ಮೊದಲು ನುಗ್ಗುವುದು ಎಡಿನ್‌ಬರೊದ ಟಾರ್ಟನ್ ಅಂಗಡಿಗಳಿಗೆ. ಕುಲಕ್ಕೊಂದು ಚೌಕಳಿ ಬಟ್ಟೆ ಎಂಬ ಪಟ್ಟಿ ಬಹುಪಾಲು 19ನೇ ಶತಮಾನದ್ದು. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಬಂದಾಗ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಡಗರದಿಂದ ಅದಕ್ಕೆ ಭಾರೀ ಕಳೆ ಏರಿತು. ನಿಜವಾದ ಸಿರಿ ಇರುವುದು ದಾಖಲೆಗಳಲ್ಲಿ. 1855ರಿಂದ ಅಲ್ಲಿ ಜನನ, ಮದುವೆ, ಮರಣಗಳ ನೋಂದಣಿ ಕಡ್ಡಾಯ. ಅದಕ್ಕೂ ಹಿಂದಿನ ಚರ್ಚ್ ಪುಸ್ತಕಗಳಲ್ಲಿ ಅತಿ ಹಳೆಯದು 1553ರದ್ದು. ತಾಯಿಯ ತವರಿನ ಹೆಸರನ್ನೂ ಬರೆದಿಡುವುದರಿಂದ ಹೆಣ್ಣಿನ ಕಡೆಯ ಎಳೆ ಕಡಿದುಹೋಗುವುದಿಲ್ಲ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿ ಅಲ್ಲೂ ಇತ್ತು. ಅಜ್ಜನ ಹೆಸರು ಹೊತ್ತ ನಮ್ಮವರಿಗೆ ಆ ಪುಟಗಳನ್ನು ಓದುವುದು ಕಷ್ಟವಾಗದು.

ಬಿಯರ್‌ನಲ್ಲೂ ಹಳೆಯ ಲೆಕ್ಕ ಉಳಿದಿದೆ. ಪೀಪಾಯಿಯ ಬೆಲೆಯ ಮೇಲೆ 60, 70, 80 ಶಿಲ್ಲಿಂಗ್ ಎಂದು ಬಿಯರ್‌ಗೆ ಹೆಸರಿಡುತ್ತಿದ್ದರು. ಬೆಲೆ ಏರಿದಂತೆ ಸತ್ವವೂ ಹೆಚ್ಚು. 1971ರಲ್ಲಿ ಶಿಲ್ಲಿಂಗ್ ಲೆಕ್ಕವೇ ಹೋಯಿತು, ಹೆಸರು ಹೋಗಲಿಲ್ಲ. 1719ರಿಂದ ಡನ್‌ಬಾರ್‌ನಲ್ಲಿರುವ ಬೆಲ್‌ಹೇವನ್ ಬ್ರೂವರಿಯ 80 ಶಿಲ್ಲಿಂಗ್ ಈ ಬಗೆಯಲ್ಲಿ ಹೆಸರುವಾಸಿ. ಟ್ರಕ್ವೇರಿನಂಥ ಗಟ್ಟಿ ಬಿಯರ್‌ಗಳಿಗೆ ಅಲ್ಲಿನವರು ವೀ ಹೆವಿ ಎನ್ನುತ್ತಾರೆ.

ಬೆಂಗಳೂರಿಗೂ ಸ್ಕಾಟ್ಲೆಂಡಿನ ಬಿಯರ್ ನಂಟಿನ ಒಂದು ಎಳೆ ತಲುಪಿದೆ. 1915ರಲ್ಲಿ ದಕ್ಷಿಣ ಭಾರತದ ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ ಥಾಮಸ್ ಲೀಶ್‌ಮನ್ ಸ್ಕಾಟ್ಲೆಂಡಿನವನು. ಮುಂದೆ ಅದು ವಿಠಲ ಮಲ್ಯರ ಕೈಗೆ ಬಂತು.

ಎಡಿನ್‌ಬರೊಗೆ ಹೋದವರು ಕೋಟೆ ನೋಡಿದ ಮೇಲೆ ಒಂದು ದಿನ ಉಳಿಸಿಕೊಂಡು ಇನ್ನರ್‌ಲೀಥನ್ ಬಸ್ಸು ಹತ್ತಿ. ಬೇಸಿಗೆಯಲ್ಲಿ ಹೋಗುವುದು ಒಳ್ಳೆಯದು; ನಡು ಚಳಿಗಾಲದಲ್ಲಿ ಮನೆ ಪ್ರವಾಸಿಗರಿಗೆ ತೆರೆದಿರುವುದಿಲ್ಲ.