48 ಗಂಟೆಯಲ್ಲೊಂದು ಶಿಫಾರಸು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ಉತ್ತರ ಅಂಚಿನ ಹರ್ಸ್ಟ್ ಅವೆನ್ಯೂದಲ್ಲಿ 1893ರಲ್ಲಿ ಕಟ್ಟಿದ ಮನೆಯೊಂದಿದೆ. ಒಂದು ಕಾಲಕ್ಕೆ ವಿದ್ಯಾರ್ಥಿಗಳ ವಸತಿಗೃಹವಾಗಿದ್ದ ಅದು ಈಗ ಗೋಲ್ಡ್‌ಮನ್ ಸಾರ್ವಜನಿಕ ನೀತಿ ಶಾಲೆಯ ನೆಲೆ. 1969ರಲ್ಲಿ ಶುರುವಾದ ಈ ಶಾಲೆ ತನ್ನ ಬಗೆಯ ಸಂಸ್ಥೆಗಳಲ್ಲಿ ಹಿರಿಯರ ಸಾಲಿಗೆ ಸೇರುತ್ತದೆ. ಇಲ್ಲಿನ ಎರಡು ವರ್ಷಗಳ ಸ್ನಾತಕೋತ್ತರ ಪದವಿಗೆ ಸೇರಿದವರು ಮೊದಲ ವರ್ಷದಲ್ಲೇ ಒಂದು ವಿಶಿಷ್ಟ ಕೆಲಸ ಎದುರಿಸಬೇಕಾಗುತ್ತದೆ. ಪರಿಚಯವೇ ಇಲ್ಲದ ಸಮಸ್ಯೆಯೊಂದನ್ನು ಅವರ ಕೈಗಿಡುತ್ತಾರೆ. 48 ಗಂಟೆಯೊಳಗೆ ಅದನ್ನು ಓದಿ, ಅಳೆದು ತೂಗಿ, ಏನು ಮಾಡಬೇಕೆಂದು ಕೆಲವೇ ಪುಟಗಳಲ್ಲಿ ಬರೆದುಕೊಡಬೇಕು. ಇದು ಪ್ರಬಂಧವಲ್ಲ, ಹೊಣೆ ಹೊತ್ತ ಅಧಿಕಾರಿಯೊಬ್ಬರಿಗೆ ಸಲ್ಲಿಸುವ ಸಲಹಾ ಟಿಪ್ಪಣಿ. ಸಾರ್ವಜನಿಕ ನೀತಿಯ ವಿದ್ಯಾರ್ಥಿ ಜೀವನದ ತಿರುಳು ಇರುವುದು ಈ ಒತ್ತಡದಲ್ಲೇ ಎಂಬುದು ನನ್ನ ವಾದ. ಕಾಲ, ಪುಟ, ಹಣ ಎಲ್ಲಕ್ಕೂ ಮಿತಿಯಿರುವಾಗ ತೀರ್ಮಾನ ಕೈಗೊಳ್ಳುವವರ ಪಕ್ಕದಲ್ಲಿ ನಿಂತು ಪ್ರಾಮಾಣಿಕವಾಗಿ ಯೋಚಿಸುವುದು ಒಂದು ಕಸುಬು. ಇಂಥ ಶಾಲೆಗಳು ಕಲಿಸುವ ಅರ್ಥಶಾಸ್ತ್ರ, ಅಂಕಿಅಂಶ ಶಾಸ್ತ್ರಗಳಿಗಿಂತ ಹೆಚ್ಚಿನದು ಅದೇ.

ಈ ಶಾಲೆಗಳು ಹುಟ್ಟಿದ ಸನ್ನಿವೇಶ ನೋಡಿದರೆ ಆ ಒತ್ತಡಕ್ಕೆ ಕಾರಣ ತಿಳಿಯುತ್ತದೆ. 1965ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್, ರಕ್ಷಣಾ ಇಲಾಖೆಯಲ್ಲಿ ಅದರ ಕಾರ್ಯದರ್ಶಿ ಮ್ಯಾಕ್‌ನಮಾರಾ ತಂದಿದ್ದ ಯೋಜನೆ–ಆಯವ್ಯಯ ಪದ್ಧತಿಯನ್ನು ಸರ್ಕಾರದ ಉಳಿದ ಇಲಾಖೆಗಳಿಗೂ ವಿಸ್ತರಿಸಿದರು. ಲೆಕ್ಕ ಬಲ್ಲ ವಿಶ್ಲೇಷಕರಿಗೆ ಒಮ್ಮೆಲೇ ಬೇಡಿಕೆ ಹುಟ್ಟಿತು. ಆದರೆ ಬರ್ಕ್ಲಿ ಶಾಲೆಯನ್ನು ಕಟ್ಟಿ ನಿಲ್ಲಿಸಿದ ಏರನ್ ವಿಲ್ಡಾವ್‌ಸ್ಕಿ ಆ ಪದ್ಧತಿಯ ಕಟು ಟೀಕಾಕಾರರು. ಸೂತ್ರ ಹಾಕಿ ಸರ್ಕಾರ ನಡೆಸಬಹುದೆಂಬ ನಂಬಿಕೆ ಅವರಿಗಿರಲಿಲ್ಲ. ಪಕ್ಕದ ಓಕ್‌ಲ್ಯಾಂಡ್ ನಗರದ ಆಡಳಿತಕ್ಕೆ ತಮ್ಮ ವಿದ್ಯಾರ್ಥಿಗಳನ್ನು ಕಳಿಸಿ, ಅಲ್ಲಿನ ಕೆಲಸ ನೋಡುತ್ತಲೇ ಕಲಿಯುವ ವ್ಯವಸ್ಥೆ ಮಾಡಿದರು. ಆ ಒಡನಾಟದಿಂದ 1973ರಲ್ಲಿ ಜೆಫ್ರಿ ಪ್ರೆಸ್‌ಮನ್ ಜೊತೆಗೆ ಅವರು ಬರೆದ ‘ಇಂಪ್ಲಿಮೆಂಟೇಷನ್’ ಎಂಬ ಪುಸ್ತಕ ಬಂತು. ನಿರುದ್ಯೋಗಿ ಅಲ್ಪಸಂಖ್ಯಾತರಿಗೆ ಸುಮಾರು 3,000 ಕೆಲಸ ಕೊಡಿಸಲು ಕೇಂದ್ರ ಸರ್ಕಾರ 1966ರಲ್ಲಿ ಓಕ್‌ಲ್ಯಾಂಡಿಗೆ 2.3 ಕೋಟಿ ಡಾಲರ್‌ಗೂ ಹೆಚ್ಚು ಹಣ ಘೋಷಿಸಿತ್ತು. ಮೂರು ವರ್ಷ ಕಳೆದರೂ ಹೇಳಿಕೊಳ್ಳುವಷ್ಟು ಕೆಲಸ ಹುಟ್ಟಲಿಲ್ಲ. ಯಾರೂ ಯೋಜನೆಯನ್ನು ವಿರೋಧಿಸಿರಲಿಲ್ಲ, ಹಣಕ್ಕೂ ಬರವಿರಲಿಲ್ಲ. ತೊಡಕಿದ್ದದ್ದು ಒಂದರ ಹಿಂದೊಂದು ಬೇಕಾಗಿದ್ದ ಸುಮಾರು 70 ಒಪ್ಪಿಗೆಗಳಲ್ಲಿ. ಪ್ರತಿ ಒಪ್ಪಿಗೆಯೂ ಸಿಗುವ ಸಾಧ್ಯತೆ ಶೇ 99 ಎಂದಿಟ್ಟುಕೊಂಡರೂ ಎಲ್ಲವೂ ಸಿಗುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ಒಳ್ಳೆಯ ಉದ್ದೇಶವೂ ಕಡತಗಳ ಸಾಲಿನಲ್ಲಿ ಹೇಗೆ ಕರಗಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಲೆಕ್ಕ ನಾನು ಕಂಡಿಲ್ಲ.

ಇದೇ ಶಾಲೆಯ ಯೂಜೀನ್ ಬಾರ್ಡಾಕ್ ತಮ್ಮ ತರಗತಿಯ ಪಾಠವನ್ನು ಎಂಟು ಹೆಜ್ಜೆಗಳಾಗಿ ಬರೆದಿಟ್ಟರು. ಬುದ್ಧನ ಅಷ್ಟಾಂಗ ಮಾರ್ಗವನ್ನು ನೆನಪಿಸುವ ಹೆಸರನ್ನೇ ಅದಕ್ಕೆ ಕೊಟ್ಟರು. ಸಮಸ್ಯೆ ಯಾವುದೆಂದು ಮೊದಲು ಖಚಿತವಾಗಬೇಕು. ಆಮೇಲೆ ಸಾಕ್ಷ್ಯ ಒಟ್ಟುಗೂಡಿಸುವುದು, ಬೇರೆ ಬೇರೆ ದಾರಿಗಳನ್ನು ಹುಡುಕುವುದು, ಅವನ್ನು ಅಳೆಯುವ ಮಾನದಂಡ ಆರಿಸುವುದು, ಪ್ರತಿ ದಾರಿಯೂ ಎಲ್ಲಿಗೆ ಮುಟ್ಟಿಸುತ್ತದೆಂದು ಅಂದಾಜಿಸುವುದು. ಒಂದನ್ನು ಪಡೆಯಲು ಇನ್ನೊಂದನ್ನು ಎಷ್ಟು ಬಿಟ್ಟುಕೊಡಬೇಕೆಂದು ನೇರವಾಗಿ ಎದುರಿಸಿದ ಮೇಲೆ ತೀರ್ಮಾನ, ಕೊನೆಗೆ ಅದನ್ನು ಅರ್ಥವಾಗುವಂತೆ ಹೇಳುವುದು. ಓದುವಾಗ ಸುಲಭವೆನಿಸುವ ಈ ಪಟ್ಟಿ ಕೈಗೆತ್ತಿಕೊಂಡಾಗ ಮೊದಲ ಹೆಜ್ಜೆಯಲ್ಲೇ ಕಾಡುತ್ತದೆ. ‘ನಗರದಲ್ಲಿ ಆಶ್ರಯತಾಣಗಳು ಸಾಲದು’ ಎಂದು ಬರೆದ ವಿದ್ಯಾರ್ಥಿ, ತನಗೆ ಗೊತ್ತಿಲ್ಲದಂತೆಯೇ ಪರಿಹಾರವನ್ನು ಸಮಸ್ಯೆಯೊಳಗೆ ತುರುಕಿದ್ದಾನೆ. ‘ಮನೆಯಿಲ್ಲದ ಇಷ್ಟು ಜನ ಬೀದಿಯಲ್ಲಿ ಮಲಗುತ್ತಿದ್ದಾರೆ’ ಎಂದು ಬರೆದರೆ ಬಾಡಿಗೆ ನೆರವಿನಿಂದ ಹಿಡಿದು ಮಾನಸಿಕ ಚಿಕಿತ್ಸೆಯವರೆಗೆ ಹಲವು ದಾರಿಗಳು ತೆರೆದಿರುತ್ತವೆ. ಬಾರ್ಡಾಕ್ ಸೂಚಿಸುವ ಇನ್ನೊಂದು ಪರೀಕ್ಷೆಯೂ ನನಗೆ ಇಷ್ಟ. ಬರೆದ ಸಲಹೆಯನ್ನು ಟ್ಯಾಕ್ಸಿ ಚಾಲಕನೊಬ್ಬನಿಗೆ ಒಂದೆರಡು ಮಾತಿನಲ್ಲಿ ಹೇಳಿ ಒಪ್ಪಿಸಲಾಗದಿದ್ದರೆ ನಿಮಗೇ ಅದು ಪೂರ್ತಿ ಅರ್ಥವಾಗಿಲ್ಲ. ತರಗತಿ, ಗುಂಪು ಕೆಲಸ, ಬೇಸಿಗೆಯ ಇಂಟರ್ನ್‌ಶಿಪ್, ಎರಡನೇ ವರ್ಷ ನಿಜವಾದ ಕಚೇರಿಯೊಂದಕ್ಕಾಗಿ ಮಾಡುವ ದೊಡ್ಡ ವಿಶ್ಲೇಷಣೆ, ಎಲ್ಲವೂ ಈ ಹೆಜ್ಜೆಗಳನ್ನು ಮತ್ತೆ ಮತ್ತೆ ಇಡಿಸುತ್ತವೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಗುರವಾದುದಲ್ಲ. ಎರಡು ದಿನ ಓದಿದವರು ಹತ್ತು ವರ್ಷ ನೆಲದಲ್ಲಿ ದುಡಿದವರಿಗೆ ಸಲಹೆ ಕೊಡುವುದು ಉದ್ಧಟತನವಲ್ಲವೇ ಎಂದು ಕೇಳುತ್ತಾರೆ. ಅನುಭವವಿಲ್ಲದ ಜಾಣತನ ಅಪಾಯವೆಂಬುದು ನಿಜ. ಆದರೆ ತರಗತಿಯ ಹೊರಗೂ ತೀರ್ಮಾನಗಳು ಬಿಡುವಾಗಿ ಕೂತು ಆಗುವುದಿಲ್ಲ. ಅಧಿವೇಶನಕ್ಕೆ ಉತ್ತರ ನಾಳೆ ಬೇಕು, ಬಜೆಟ್ ಪ್ರಸ್ತಾವ ಈ ವಾರವೇ ಹೋಗಬೇಕು. ಕಾಲ ಕಡಿಮೆಯಿದ್ದಾಗ ಯಾವ ಸಂಗತಿ ಖಚಿತ, ಯಾವುದು ಊಹೆ ಎಂದು ಬೇರ್ಪಡಿಸಿ ಬರೆಯುವ ಅಭ್ಯಾಸ ಇಲ್ಲದವರು ಊಹೆಯನ್ನೇ ಸತ್ಯವೆಂದು ಒಪ್ಪಿಸಿಬಿಡುತ್ತಾರೆ. ಅವಸರದ ಅಭ್ಯಾಸ ಕಲಿಸಬೇಕಾದ್ದು ಈ ವಿವೇಕವನ್ನು. ಅದನ್ನು ಕಲಿಸದೆ ಬರೀ ಚುರುಕುತನಕ್ಕೆ ಅಂಕ ಕೊಡುವ ತರಗತಿಗೆ ಈ ಆಕ್ಷೇಪ ಪೂರ್ತಿ ಸಲ್ಲುತ್ತದೆ, ಅಲ್ಲಿ ನಾನೂ ಆಕ್ಷೇಪಿಸುವವರ ಪಕ್ಷ.

ಎರಡನೆಯ ಆಕ್ಷೇಪ, ಇಂಥ ಲೆಕ್ಕಾಚಾರದಲ್ಲಿ ದಕ್ಷತೆ ಗೆದ್ದು ನ್ಯಾಯ ಸೋಲುತ್ತದೆ ಎಂಬುದು. ನಮ್ಮದೇ ಕರ್ನಾಟಕದ, ಜಮೀನು ದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯನ್ನು ತೆಗೆದುಕೊಳ್ಳೋಣ. ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗತೊಡಗಿತು, ಅದಕ್ಕಾಗಿ ಗ್ರಾಮ ಲೆಕ್ಕಿಗರ ಮರ್ಜಿ ಕಾಯುವುದು ತಪ್ಪಿತು. ವೇಗವೊಂದೇ ಮಾನದಂಡವಾದರೆ ಇದು ನಿಸ್ಸಂದೇಹವಾಗಿ ಗೆಲುವು. ಆದರೆ ಊರಿನಿಂದ ತಾಲ್ಲೂಕಿಗೆ ಹೋಗಿಬರುವ ದಿನದ ಕೂಲಿ ಯಾರದು? ದಾಖಲೆ ಸುಲಭವಾಗಿ ಸಿಕ್ಕಾಗ ಹೆಚ್ಚು ಲಾಭ ಸಣ್ಣ ಹಿಡುವಳಿದಾರನಿಗೋ, ನಗರದಂಚಿನ ಜಮೀನಿನ ಮೇಲೆ ಕಣ್ಣಿಟ್ಟವನಿಗೋ? ವಿಮರ್ಶಕರು ಎತ್ತಿದ ಇಂಥ ಪ್ರಶ್ನೆಗಳು ಬಾರ್ಡಾಕ್ ಅವರ ನಾಲ್ಕನೇ ಹೆಜ್ಜೆಯಲ್ಲೇ, ಮಾನದಂಡ ಆರಿಸುವಾಗಲೇ ಬರಬೇಕಾದವು. ಸಮಾನತೆಯೂ ಒಂದು ಮಾನದಂಡವೆಂದು ಬರೆದಿಟ್ಟರೆ, ಅದನ್ನು ಬಿಟ್ಟುಕೊಟ್ಟಾಗ ಬಿಟ್ಟುಕೊಟ್ಟೆವೆಂದು ಎಲ್ಲರಿಗೂ ಕಾಣುತ್ತದೆ. ವಿಧಾನ ತಾನಾಗಿ ನ್ಯಾಯ ತರಲಾರದು. ಅನ್ಯಾಯವನ್ನು ಲೆಕ್ಕದೊಳಗೆ ಬಚ್ಚಿಡುವುದನ್ನಾದರೂ ಅದು ಕಷ್ಟವಾಗಿಸುತ್ತದೆ.

ಈ ಶಿಕ್ಷಣ ಈಗ ಕರ್ನಾಟಕಕ್ಕೆ ದೂರದ್ದಲ್ಲ. ಬೆಂಗಳೂರಿನ ಐಐಎಂ 2002ರಲ್ಲಿ, ಮುಖ್ಯವಾಗಿ ಸೇವೆಯಲ್ಲಿರುವ ಅಧಿಕಾರಿಗಳನ್ನು ಗಮನದಲ್ಲಿಟ್ಟು, ಸಾರ್ವಜನಿಕ ನೀತಿಯ ಕೋರ್ಸ್ ಆರಂಭಿಸಿತು. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಪದವಿ ಬಂತು. ಎರಡೂ ಕಡೆ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ದೇಶದ ಎಲ್ಲ ಭಾಗಗಳಿಂದ ವಿದ್ಯಾರ್ಥಿಗಳು ಬರುವಾಗ ಅದು ಸಹಜವೆಂಬುದನ್ನು ಒಪ್ಪುತ್ತೇನೆ. ಆದರೆ ತಹಶೀಲ್ದಾರರ ಮೇಜಿನ ಕಡತ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಬರೆಯುವ ನಡಾವಳಿ, ಗ್ರಾಮಸಭೆಯ ಮಾತು ಎಲ್ಲವೂ ಕನ್ನಡದವು. ಕುಡಿಯುವ ನೀರಿನ ಯೋಜನೆಯ ಬಗ್ಗೆ ಸೊಗಸಾದ ಇಂಗ್ಲಿಷ್ ಟಿಪ್ಪಣಿ ಬರೆಯಬಲ್ಲ ವಿದ್ಯಾರ್ಥಿಗೆ ಅದೇ ವಿಷಯವನ್ನು ವಾಟರ್‌ಮನ್‌ಗೆ ವಿವರಿಸಲು ಬಾರದಿದ್ದರೆ ಬಾರ್ಡಾಕ್ ಅವರ ಪರೀಕ್ಷೆಯಲ್ಲಿ ಅವನು ಫೇಲು. ಕನ್ನಡದಲ್ಲಿ ಪರಿಭಾಷೆಯಿಲ್ಲ ಎಂಬ ನೆಪ ನನಗೆ ಒಪ್ಪಿಗೆಯಿಲ್ಲ. ಜಮಾಬಂದಿ, ಖಾತೆ, ಪೋಡಿ, ಅಂದಾಜುಪಟ್ಟಿ ಎಂದು ಆಡಳಿತದ ಮಾತುಗಳನ್ನು ತಲೆಮಾರುಗಳಿಂದ ಬಳಸುತ್ತ ಬಂದ ನಾಡು ಇದು. ಕರ್ನಾಟಕದಲ್ಲೇ ದುಡಿಯಬಯಸುವ ವಿದ್ಯಾರ್ಥಿಗಳಿಗಾದರೂ ಪದವಿಗೆ ಮುನ್ನ ಒಂದು ಶಿಫಾರಸನ್ನು ಎರಡೇ ಪುಟದ ಕನ್ನಡದಲ್ಲಿ ಬರೆದು, ಅದರಿಂದ ಬದುಕು ಬದಲಾಗುವ ಊರಿನವರ ಮುಂದೆ ಓದಿ, ಅವರ ಪ್ರಶ್ನೆಗಳಿಗೆ ಉತ್ತರಿಸುವುದನ್ನು ಕಡ್ಡಾಯ ಮಾಡಬೇಕು.